ನಿಮಗಿದು ಗೊತ್ತೆ? ಹೆರುವವಳ ಕೈ ಹಿಡಿದವರು

ಹೆರಿಗೆಯುದ್ದಕ್ಕೂ ಗರ್ಭಿಣಿಯ ಜೊತೆಗಿದ್ದು ಬೆನ್ನು ನೀವಿ, ನೀರು ಕುಡಿಸಿ, ಧೈರ್ಯ ತುಂಬುವವರನ್ನು ನಗರಗಳಲ್ಲಿ ಈಗ 'ಡೌಲಾ' ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದವನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್. ಡೌಲಾ ಹೆರಿಗೆ ಮಾಡಿಸುವುದಿಲ್ಲ. ಅದು ವೈದ್ಯರ, ನರ್ಸ್‌ಗಳ ಕೆಲಸ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಟ್ಟಿಗಳಲ್ಲಿ ಈ ಎರಡೂ ಕೆಲಸ ಒಬ್ಬಳದೇ ಆಗಿತ್ತು. ಅವಳೇ ಸೂಲಗಿತ್ತಿ. ಚಳ್ಳಕೆರೆಗೆ ಹತ್ತಿರದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತು, ಕಾಸು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಓದು ಬರೆಹ ಬಾರದ ಆ ತಾಯಿಯ ಬೆರಳುಗಳಲ್ಲಿದ್ದ ತಿಳಿವಳಿಕೆ ಯಾವ ಪದವಿಗೂ ಕಡಿಮೆಯಲ್ಲ.

ಇತ್ತ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿ, ಕೂಸನ್ನು ಊರಾಚೆಯ ಗುಡಿಸಲಲ್ಲಿ ಇರಿಸುವ ಸೂತಕದ ರೂಢಿಯಿದೆ. ಜೊತೆ ಬೇಕಾದ ಹೊತ್ತಿನಲ್ಲೇ ಒಂಟಿತನ! ಇದು ನಿಲ್ಲಲೇಬೇಕು.

17 ದೇಶಗಳ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಬಿಡದೆ ಜೊತೆಗಿರುವವರಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅವ್ವನೋ ಅತ್ತೆಯೋ ಅಕ್ಕನೋ, ಯಾರು ಬೇಕೆಂದು ಗರ್ಭಿಣಿಯನ್ನೇ ಕೇಳಿ.