ಮಿಲ್ಟನ್ನನ ಕಲ್ಲುತೊಟ್ಟಿ

ಲಂಡನ್ನಿನ ಬ್ರೆಡ್ ಸ್ಟ್ರೀಟಿಗೆ ನಾನು ಹೋದದ್ದು ಇಲ್ಲದ ವಸ್ತುವೊಂದನ್ನು ನೋಡಲು. 'ಪ್ಯಾರಡೈಸ್ ಲಾಸ್ಟ್' ಬರೆದ ಜಾನ್ ಮಿಲ್ಟನ್ ಆ ಬೀದಿಯಲ್ಲಿ ಜನಿಸಿದ್ದು 1608ರ ಡಿಸೆಂಬರ್ 9ರಂದು. 20ರಂದು, ಅದೇ ಬೀದಿಯ ಆಲ್ ಹ್ಯಾಲೋಸ್ ಚರ್ಚಿನಲ್ಲಿ ಶಿಶುವಿಗೆ ದೀಕ್ಷಾಸ್ನಾನವಾಯಿತು. ಆ ಚರ್ಚೂ ಇಲ್ಲ, ಅಂದಿನ ತೊಟ್ಟಿಯೂ ಇಲ್ಲ.

ದೀಕ್ಷಾಸ್ನಾನದ ತೊಟ್ಟಿಯೆಂದರೆ ಸಾಮಾನ್ಯವಾಗಿ ಗಿಡ್ಡ ಕಂಬದ ಮೇಲೆ ನಿಲ್ಲಿಸಿದ ಕಲ್ಲಿನ ಬೋಗುಣಿ. ಧರ್ಮದೊಳಗೆ ಪ್ರವೇಶಿಸುವುದರ ಸಂಕೇತವಾಗಿ ಅದು ಬಾಗಿಲ ಬಳಿಯೇ ಇರುತ್ತಿತ್ತು. ಪವಿತ್ರಗೊಳಿಸಿದ ನೀರನ್ನು ಮಾಟಕ್ಕೆ ಕದ್ದೊಯ್ದಾರೆಂಬ ಅಂಜಿಕೆಯಿಂದ 13ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ಮುಚ್ಚಳವಿಟ್ಟು ಬೀಗ ಹಾಕಬೇಕೆಂದು ಧರ್ಮಾಧಿಕಾರಿಗಳು ವಿಧಿಸಿದರು. ಬೀಗದ ಕೊಂಡಿ ಕಿತ್ತ ಗುರುತು ಹಳೆಯ ತೊಟ್ಟಿಗಳ ಅಂಚಿನಲ್ಲಿ ಇಂದಿಗೂ ಕಾಣಸಿಗುತ್ತದೆ. ಹೀಗೆ ಕಾದುಕೊಂಡದ್ದನ್ನೇ ಪ್ಯೂರಿಟನ್ನರು ಮೂಢಾಚಾರವೆಂದರು. ಹಳೆಯ ತೊಟ್ಟಿಗಳಿದ್ದ ಸ್ಥಳದಲ್ಲಿ ದೀಕ್ಷಾಸ್ನಾನ ಸಲ್ಲದು, ಅದು ಸಭೆಯ ಎದುರಿಗೇ ನಡೆಯಬೇಕು ಎಂಬುದು 1645ರ ಪಾರ್ಲಿಮೆಂಟಿನ ಆರಾಧನಾವಿಧಿ. ಎಷ್ಟೋ ತೊಟ್ಟಿಗಳು ಕಿತ್ತುಬಿದ್ದವು. ಆ ಕಲಹದಲ್ಲಿ ಮಿಲ್ಟನ್ ಪಾರ್ಲಿಮೆಂಟಿನ ಪಕ್ಷದವನೆಂಬುದು ನಿಮಗೆ ಗೊತ್ತೇ ಇದೆ.

1666ರ ಮಹಾ ಅಗ್ನಿಯಲ್ಲಿ 87 ಪ್ಯಾರಿಷ್ ಚರ್ಚುಗಳು ಸುಟ್ಟುಹೋದವು. ಆಲ್ ಹ್ಯಾಲೋಸ್ ಅವುಗಳಲ್ಲೊಂದು. ಕ್ರಿಸ್ಟೋಫರ್ ರೆನ್ ಅದನ್ನು ಮತ್ತೆ ಕಟ್ಟಿದ. ಮುಂದೆ ಜನರು ನಗರದ ನಡುಭಾಗವನ್ನು ಬಿಟ್ಟು ಹೊರವಲಯಗಳಲ್ಲಿ ನೆಲಸಿದರು. ಭಕ್ತರಿಲ್ಲದ ಚರ್ಚುಗಳನ್ನು ಕೆಡವಿ ನಿವೇಶನ ಮಾರಲು 1860ರ ಶಾಸನವೊಂದು ದಾರಿ ಮಾಡಿತು. 1870ರ ದಶಕದಲ್ಲಿ ರೆನ್ನನ ಕಟ್ಟಡವೂ ನೆಲಸಮವಾಯಿತು. ಬೆಂಕಿಗಿಂತ ನಿವೇಶನದ ಬೆಲೆಯೇ ಬಲಶಾಲಿ! ಅಲ್ಲಿದ್ದ ಮಿಲ್ಟನ್ನನ ಸ್ಮಾರಕಫಲಕ ಮಾತ್ರ ಸಮೀಪದ ಸೇಂಟ್ ಮೇರಿ ಲೆ ಬೋ ಚರ್ಚಿನ ಹೊರಗೋಡೆಯನ್ನು ಸೇರಿತು. ನಾನು ಓದಿ ಬಂದದ್ದು ಅದನ್ನೇ.

ಸೋಜಿಗವೆಂದರೆ, ಕಲ್ಲು ಹೋಗಿ ಕಾಗದ ಉಳಿಯಿತು. ದೀಕ್ಷಾಸ್ನಾನದ ದಿನವನ್ನು ಬರೆದಿಟ್ಟ ಪ್ಯಾರಿಷಿನ ದಾಖಲೆಪುಸ್ತಕ ಬೆಂಕಿಗೆ ಸಿಕ್ಕಲಿಲ್ಲ. ಕುಮಾರವ್ಯಾಸನ ಕಾಲಕ್ಕಾಗಿ ತಲೆಮಾರುಗಳಿಂದ ವಾದಿಸುತ್ತಿರುವ ನಮಗೆ, ಕವಿಯೊಬ್ಬನ ಹನ್ನೊಂದನೆಯ ದಿನದ ಲೆಕ್ಕ ಸಿಕ್ಕುವುದೆಂದರೆ ಹೊಟ್ಟೆಕಿಚ್ಚಾಗದೆ?

ಇನ್ನೊಂದು ಕಾಗದವೂ ಉಳಿಯಿತು. ಮಿಲ್ಟನ್ ಲ್ಯಾಟಿನ್ನಿನಲ್ಲಿ ರಚಿಸಿದ ಧರ್ಮಶಾಸ್ತ್ರ ಗ್ರಂಥದ ಹಸ್ತಪ್ರತಿ 1823ರಲ್ಲಿ ಸರಕಾರದ ಕಾಗದಪತ್ರಗಳ ನಡುವೆ ದೊರೆಯಿತು. ಎರಡು ವರ್ಷಗಳಲ್ಲಿ ಅಚ್ಚಾಯಿತು. ಅರಿವಿಲ್ಲದ ಶಿಶುವಿಗೆ ದೀಕ್ಷಾಸ್ನಾನ ಸಲ್ಲದು, ನಂಬಿಕೆ ತಿಳಿದವರಿಗೆ ಹರಿಯುವ ನೀರಿನಲ್ಲಿ ಅದಾಗಬೇಕು ಎಂಬುದು ಅದರಲ್ಲಿನ ನಿಲುವು. ನಾನು ಮರುಗುತ್ತಿದ್ದ ತೊಟ್ಟಿಯನ್ನು ಕವಿಯೇ ಬೇಡವೆಂದಿದ್ದ! ಆದರೂ ಡಿಸೆಂಬರಿನ ಆ ಚಳಿಯಲ್ಲಿ ಶಿಶುವನ್ನು ಹಿಡಿದು ನಿಂತ ತೊಟ್ಟಿಯ ಅಂಚನ್ನು ಒಮ್ಮೆ ಮುಟ್ಟಬೇಕೆಂಬ ಆಸೆ ನನಗಿನ್ನೂ ಹೋಗಿಲ್ಲ.