ಶಾಲೆ ನಡೆಸುವುದನ್ನೂ ಕಲಿಯಬೇಕು



ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು ಸರಿ, ಕೆಲಸದಲ್ಲಿರುವ ಶಿಕ್ಷಕರ ಓದಿಗೆ ನೆರವು ಏಕೆ ಎಂದು ಕೆಲವರು ಕೇಳುತ್ತಾರೆ.

ನಾವು ಸೇವಾ ಹಿರಿತನದಿಂದ ಮುಖ್ಯ ಶಿಕ್ಷಕರಾದವರು. ಬಿ.ಇಡಿ.ಯಲ್ಲಿ ಕಲಿತದ್ದು ಪಾಠ ಮಾಡುವುದನ್ನು, ಶಾಲೆ ನಡೆಸುವುದನ್ನಲ್ಲ. ಲೆಕ್ಕಪತ್ರ, ವೇಳಾಪಟ್ಟಿ, ಹೊಸ ಶಿಕ್ಷಕರಿಗೆ ಮಾರ್ಗದರ್ಶನ, ಏಳನೇ ತರಗತಿಗೆ ಶಾಲೆ ಬಿಟ್ಟ ಹುಡುಗಿಯ ಮನೆಯವರೊಂದಿಗೆ ಮಾತುಕತೆ, ಇವನ್ನೆಲ್ಲ ತಪ್ಪು ಮಾಡುತ್ತಲೇ ಕಲಿತೆವು. ಆ ತಪ್ಪುಗಳಿಂದ ನಷ್ಟವಾದದ್ದು ಮಕ್ಕಳಿಗೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಗಳಲ್ಲಿ 150ಕ್ಕಿಂತ, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮುಖ್ಯ ಶಿಕ್ಷಕರು ಇರಬೇಕು. ಆ ಹುದ್ದೆಗೆ ಬೇಕಾದ ತಿಳಿವಳಿಕೆಯನ್ನು ಓದಿಯೇ ಪಡೆಯಬೇಕು.

ಕೆಲಸ ಬಿಡದೆ ಓದುವ ದಾರಿಯಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಶಿಕ್ಷಣ ಪದವಿಯಲ್ಲಿ ಶೈಕ್ಷಣಿಕ ನಿರ್ವಹಣೆಯನ್ನು ವಿಶೇಷ ವಿಷಯವಾಗಿ ಆಯ್ದುಕೊಳ್ಳಬಹುದು. ಅವಧಿ 2 ವರ್ಷ. ಬಿಡುವಿಲ್ಲದವರು 4 ವರ್ಷದೊಳಗೆ ಮುಗಿಸಬಹುದು. ಪಾಠಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತವೆ. ಇದು ಎಂ.ಇಡಿ. ಅಲ್ಲ ಎಂಬುದು ನೆನಪಿರಲಿ. ಯಾವುದೇ ದೂರಶಿಕ್ಷಣ ಕೋರ್ಸಿಗೆ ಹಣ ಕಟ್ಟುವ ಮುನ್ನ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ವಿಚಾರಿಸಿ.

ನಿಮ್ಮ ಮನೆಯಲ್ಲಿ ಶಿಕ್ಷಕಿಯಾಗಿರುವ ಮಗಳೋ ಸೊಸೆಯೋ ಇದ್ದರೆ ಈ ಮಾತು ತಿಳಿಸಿ, ಅರ್ಜಿ ಹಾಕಿಸಿ. ಸಂಜೆ ಅವರಿಗೆ ಓದಲು ಒಂದು ಗಂಟೆ ಬಿಡುವು ಮಾಡಿಕೊಡಿ. ಶುಲ್ಕಕ್ಕೆ ದಾನಿಗಳು ನೆರವಾಗಬಹುದು. ಆ ಬಿಡುವನ್ನು ಕೊಡಬೇಕಾದವರು ಮನೆಯವರೇ.