ಗೌರವಧನವೋ, ಪಗಾರವೋ?

ಕಳೆದ ಬೇಸಗೆಯ ಒಂದು ಸಂಜೆ. ಇಂಡಿಯ ಪೇಟೆಯಲ್ಲಿ ಲಿಂಬೆಹಣ್ಣಿನ ಸವಾಲು ಮುಗಿದು, ಖಾಲಿ ಟಂಟಂಗಳು ಹಳ್ಳಿಗಳತ್ತ ಮರಳುತ್ತಿದ್ದವು. ನಾನು ಉತ್ತರಪತ್ರಿಕೆಗಳ ಕಟ್ಟೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ನಡುವಯಸ್ಸಿನ ಗೃಹಸ್ಥರೊಬ್ಬರು ಬಾಗಿಲಲ್ಲಿ ನಿಂತು, ನಾಲ್ಕು ಮಡಿಕೆಯಾದ ಕಾಗದವೊಂದನ್ನು ಚಾಚಿದರು. ನಮ್ಮ ಸೀಮೆಯ ಸ್ಥಳೀಯ ಸಂಸ್ಥೆಯೊಂದರಲ್ಲಿ ನೀರು ಬಿಡುವ ಕೆಲಸ ಅವರದು. ನಸುಕಿನಲ್ಲಿಯೇ ಎದ್ದು ವಾಲ್ವು ತಿರುವಿ, ಯಾವ ಓಣಿಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವನ್ನೆಲ್ಲ ತಲೆಯಲ್ಲಿಯೇ ಇರಿಸಿಕೊಂಡು ಒಂಬತ್ತು ವರ್ಷ ದುಡಿದವರು.

"ಮಾಸ್ತರ್ರ, ಕನ್ನಡದಾಗ ಐತಿ, ಆದ್ರೂ ತಿಳೀವಲ್ದು. ಸಹಿ ಮಾಡು ಅಂತಾರ. ಇದರಾಗ ನನ್ನ ಪಗಾರ ಎಲ್ಲಿ ಬರದಾರ, ಸ್ವಲ್ಪ ತೋರಸ್ರಿ" ಎಂದರು.

ಹುಡುಕಿದೆ. 'ಪಗಾರ' ಎಂಬ ಮಾತು ಇರಲಿಲ್ಲ, 'ವೇತನ'ವೂ ಇರಲಿಲ್ಲ. ನಾಲ್ಕನೆಯ ಕಲಮಿನಲ್ಲಿ 'ಮಾಸಿಕ ಗೌರವಧನವನ್ನು ಪಾವತಿಸಲಾಗುವುದು' ಎಂದಿತ್ತು. ಅದನ್ನೇ ಓದಿ ಹೇಳಿದೆ.

"ಗೌರವ ಮಂದಿ ಕೊಡ್ತಾರ್ರಿ. ಇವ್ರು ಪಗಾರ ಕೊಡ್ಲಿ" ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಅತಿಥಿ ಉಪನ್ಯಾಸಕನೆಂಬ ಹೆಸರಿನಲ್ಲಿ ಕೆಲವು ವರ್ಷ ಗೌರವಧನವನ್ನೇ ಉಂಡವನು ನಾನು. ಬೇಸಗೆಯ ರಜೆಯಲ್ಲಿ ಆ ಗೌರವಕ್ಕೂ ರಜೆಯಿರುತ್ತಿತ್ತು.

ಅವರನ್ನು ಎರಡು ದಿನ ಬಿಟ್ಟು ಬರಹೇಳಿ, ಆ ರಾತ್ರಿ ಪತ್ರವನ್ನು ಮತ್ತೆ ಓದಿದೆ. ಕನ್ನಡ ಎಂ.ಎ. ಮಾಡಿದವನಿಗೆ ಕರಾರುಪತ್ರವೂ ಒಂದು ಪಠ್ಯವೇ. ಮೊದಲು ಕಣ್ಣಿಗೆ ಬಿದ್ದದ್ದು ಅದರ ವ್ಯಾಕರಣ. ಕೆಲಸಗಾರನಿಗೆ ಸಂಬಂಧಿಸಿದ ವಾಕ್ಯಗಳಿಗೆಲ್ಲ ಕರ್ತೃವಿದ್ದಾನೆ: ಅವನು ಹಾಜರಾಗತಕ್ಕದ್ದು, ಅವನು ಆಜ್ಞೆ ಪಾಲಿಸತಕ್ಕದ್ದು, ಅವನು ಖಾಯಂ ಹಕ್ಕು ಕೇಳತಕ್ಕದ್ದಲ್ಲ. ಸಂಸ್ಥೆಗೆ ಸಂಬಂಧಿಸಿದ ವಾಕ್ಯಗಳೆಲ್ಲ ಕರ್ಮಣಿ ಪ್ರಯೋಗದವು: ಪಾವತಿಸಲಾಗುವುದು, ಪರಿಗಣಿಸಲಾಗುವುದು, ಯಾವುದೇ ಕಾರಣ ನೀಡದೆ ತೆಗೆದುಹಾಕಲಾಗುವುದು. ಪಾವತಿಸುವವರು ಯಾರು? ಯಾವ ತಾರೀಖಿನೊಳಗೆ? ತೆಗೆಯುವ ಅಧಿಕಾರಿ ಯಾರು? ವಾಕ್ಯ ಬಾಯಿ ಬಿಡದು. ಕರ್ಮಣಿ ಪ್ರಯೋಗ ಭಾಷೆಗೆ ದೋಷವಲ್ಲವೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಆದರೆ ಹಣ ಕೊಡಬೇಕಾದವನ ಹೆಸರು ಮರೆಸುವ ಕೆಲಸಕ್ಕೆ ಅದು ಇಷ್ಟು ಒದಗುತ್ತದೆಂದು ಅಂದಿನವರೆಗೆ ತೋಚಿರಲಿಲ್ಲ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಅವರು ಕೆಲಸಕ್ಕೆ ಸೇರಿದ ದಿನಾಂಕ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಒಂಬತ್ತು ವರ್ಷ ಮಾಯವಾಗಿ, ಹನ್ನೊಂದು ತಿಂಗಳ ಹೊಸ ಮನುಷ್ಯನೊಬ್ಬ ಅಲ್ಲಿ ನಿಂತಿದ್ದ.

ಊರ ಕೆಲಸಕ್ಕೆ ಕಾಗದ ಮಾಡಿಕೊಡುವ ಪದ್ಧತಿ ನಮ್ಮ ಭಾಗಕ್ಕೆ ಹೊಸತಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಶೇತಸನದಿಗಳೆಂಬವರಿದ್ದರು. ಶೇತವೆಂದರೆ ಹೊಲ, ಸನದೆಂದರೆ ಅಧಿಕಾರಪತ್ರ. ಊರ ಕಾವಲಿಗೂ ಕಂದಾಯದ ಓಡಾಟಕ್ಕೂ ಪ್ರತಿಯಾಗಿ ಹೊಲವನ್ನು ಅನುಭವಿಸುವ ಹಕ್ಕು ಅವರಿಗಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಊರ ಚಾಕರಿಯಲ್ಲಿ ಜಾತಿಯ ಕಟ್ಟೂ ಬಿಟ್ಟಿಯ ಕಾಟವೂ ಹೆಣೆದುಕೊಂಡಿದ್ದವು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಆ ವಂಶಪಾರಂಪರ್ಯ ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ದುಡಿಮೆಗೆ ಪ್ರತಿಫಲವೇನೆಂಬುದು ಆ ಸನದಿನ ಹೆಸರಿನಲ್ಲಿಯೇ ಇತ್ತು. ನನ್ನ ಮುಂದಿದ್ದ ಪತ್ರದಲ್ಲಿ ಅದನ್ನು ದೀಪ ಹಿಡಿದು ಹುಡುಕಬೇಕಾಗಿತ್ತು.

ಮರುದಿನ ಇಂಡಿಯ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಮಿತ್ರರೊಬ್ಬರಲ್ಲಿಗೆ ಹೋದೆ. ಪತ್ರವನ್ನು ಓದಿ, "ಶಬ್ದದ ಚಿಂತಿ ಆಮ್ಯಾಲ. ಮೊದಲ ತಾರೀಖು ಹಾಕಸ್ರಿ" ಎಂದರು. ಏಕೆಂದು ಕೇಳಿದ್ದಕ್ಕೆ ಅವರು ಹೇಳಿದ ಸಂಗತಿಗಳು ವಾಚಕರಿಗೂ ತಿಳಿದಿರಲೆಂದು ಇಲ್ಲಿ ಬರೆಯುತ್ತೇನೆ.

ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನದು ನಿರಂತರ ಸೇವೆಯೆಂದು 1947ರ ಔದ್ಯೋಗಿಕ ವಿವಾದಗಳ ಕಾಯ್ದೆ ಎಣಿಸುತ್ತಿತ್ತು. ಅಂಥವನನ್ನು ನೋಟೀಸು, ಪರಿಹಾರಗಳಿಲ್ಲದೆ ತೆಗೆಯುವಂತಿರಲಿಲ್ಲ. ಆದರೆ 240 ದಿನ ದುಡಿದೆನೆಂದು ರುಜುವಾತುಪಡಿಸುವ ಹೊಣೆ ಯಾರದು? ನಮ್ಮ ರಾಜ್ಯದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹೊಣೆ ದುಡಿದವನದೇ, ಅವನ ಪ್ರಮಾಣದ ಮಾತೊಂದೇ ಸಾಲದು ಎಂದಿತು. ನೇಮಕದ ಪತ್ರವನ್ನೂ ಪಗಾರದ ಪಟ್ಟಿಯನ್ನೂ ತನ್ನ ಕಪಾಟಿನಲ್ಲಿಟ್ಟುಕೊಳ್ಳುವವನು ಮಾಲಿಕ. ಅವನ್ನು ತಂದು ತೋರಿಸಬೇಕಾದವನು ಕೂಲಿಯವನು!

ದಿನಗೂಲಿಗಳ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವೇ ಇದೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ದಿಲ್ಲಿಯವರೆಗೆ ಹೋಗಿ ಹೋರಾಡಿತು. ಹಂತಹಂತವಾಗಿ ಅವರನ್ನು ಖಾಯಂ ಮಾಡುವ ಯೋಜನೆಗೆ 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿಗೆಯಿತ್ತಿತು. ಹದಿನಾರು ವರ್ಷಗಳ ತರುವಾಯ, 2006ರ ಏಪ್ರಿಲ್ 10ರಂದು, ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಗಾಳಿಯ ದಿಕ್ಕನ್ನೇ ತಿರುಗಿಸಿತು. ನಿಯಮದಂತೆ ಆಯ್ಕೆಯಾಗದವನಿಗೆ, ಬಹುಕಾಲ ದುಡಿದ ಮಾತ್ರಕ್ಕೆ ಖಾಯಂ ಹಕ್ಕು ಬಾರದು ಎಂದಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಕಳೆದಿದ್ದ ಅರ್ಹರಿಗೆ ಮಾತ್ರ ಒಂದು ಸಲದ ಬಾಗಿಲು ತೆರೆಯಿತು.

ಕಚೇರಿಗಳಲ್ಲಿ ದಿನಾಂಕ ಬರೆಯುವ ಅಂಜಿಕೆ ಇಂಥದರಿಂದಲೇ ಬೆಳೆದಿರಬೇಕೆಂದು ನನ್ನ ಅನುಮಾನ. ಬರೆದರೆ ನಾಳೆ ಹಕ್ಕು ಕೇಳಿಯಾರು ಎಂಬ ಭಯ. ಆ ಬಡ ಗುಮಾಸ್ತರನ್ನು ದೂರಿ ಫಲವೇನು? ಸ್ಥಳೀಯ ಸಂಸ್ಥೆ ತಾನಾಗಿ ಹುದ್ದೆ ಸೃಷ್ಟಿಸಲಾರದು. ಗ್ರಾಮ ಪಂಚಾಯತಿಯ ಸಿಬ್ಬಂದಿಯ ನೇಮಕಕ್ಕೂ ಜಿಲ್ಲಾ ಪಂಚಾಯತಿಯ ಅನುಮೋದನೆ ಬೇಕು. ನೀರು ಮಾತ್ರ ದಿನವೂ ಬಿಡಲೇಬೇಕು. ಆದರೆ 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತ, ತೋಟ ನೋಡುತ್ತ ಬಂದಿದ್ದವರ ಪ್ರಕರಣದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ನಿತ್ಯದ ಕೆಲಸಕ್ಕೆ 'ತಾತ್ಕಾಲಿಕ' ಎಂಬ ಚೀಟಿ ಅಂಟಿಸಿ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದನ್ನು ಖಂಡಿಸಿತು. ಚೀಟಿಯಲ್ಲ, ಕೆಲಸದ ಸ್ವರೂಪವೇ ಮುಖ್ಯ ಎಂಬುದು ಅದರ ಭಾವ.

ಗೌರವಧನದ ಗತಿಯೂ ಹೀಗೆಯೇ. 2006ರ ಡಿಸೆಂಬರಿನಲ್ಲಿ, ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ, ಅವರು ಸರಕಾರಿ ಹುದ್ದೆಯವರಲ್ಲ ಎಂಬ ತೀರ್ಪು ಬಂದಿತ್ತು. 2022ರ ಏಪ್ರಿಲಿನಲ್ಲಿ ಗುಜರಾತದ ಅಂಗನವಾಡಿಯವರ ಮೊರೆ ಬಂದಾಗ, ಹೆಸರು ಗೌರವಧನವಾದರೂ 1972ರ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಅದು ವೇತನವೇ ಎಂದು ನ್ಯಾಯಾಲಯ ಹೇಳಿತು. ನೀರಿನವರ ಹಾಸ್ಯಕ್ಕೆ ದಿಲ್ಲಿಯಲ್ಲಿಯೂ ಸಮರ್ಥನೆ ಸಿಕ್ಕಂತಾಯಿತು.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಸ್ಥಾನದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಕೆಲಸಗಾರನಿಗೆ ನೇಮಕದ ಪತ್ರ ಕೊಡುವುದು ಮಾಲಿಕನ ಕರ್ತವ್ಯ. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಮೂಲ ಸಂಸ್ಥೆಯೇ ಅದನ್ನು ತೆರಬೇಕೆಂಬ 1970ರ ಕಾಯ್ದೆಯ ನಿಯಮ ಹೊಸದರಲ್ಲಿಯೂ ಉಳಿದಿದೆ. ಆದುದರಿಂದ ನಡುವೆ ಗುತ್ತಿಗೆದಾರನಿದ್ದರೆ ಪತ್ರದಲ್ಲಿ ಅವನ ಹೆಸರಿನೊಡನೆ, ಕೆಲಸ ಯಾವ ಸಂಸ್ಥೆಯದೆಂಬುದನ್ನೂ ಬರೆಯಿಸಿಕೊಳ್ಳುವುದು ಜಾಣತನ.

ನೌಕರಿಯಲ್ಲದ ಬಿಡಿಗೆಲಸದ ಕರಾರಿನ ಕಷ್ಟ ಬೇರೆಯ ಬಗೆಯದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸ್ಥಳೀಯ ಸಂಸ್ಥೆಗಾಗಿ ಮನೆಮನೆ ತಿರುಗಿ ವಿವರ ಬರೆದು, ಕಂಪ್ಯೂಟರಿಗೆ ಏರಿಸಿಕೊಟ್ಟಳು. ಮನೆಯೊಂದಕ್ಕೆ ಇಷ್ಟೆಂದು ದರ ನಿಶ್ಚಯವಾಗಿತ್ತು. ಕರಾರಿನಲ್ಲಿ 'ಕಾರ್ಯವು ಸಮಾಧಾನಕರವಾಗಿದ್ದಲ್ಲಿ ಹಣ ಪಾವತಿಸಲಾಗುವುದು' ಎಂದಿತ್ತು. ಯಾರಿಗೆ ಸಮಾಧಾನವಾಗಬೇಕು? ಕೆಲಸ ಒಪ್ಪಿಸಿಕೊಂಡ ಅಧಿಕಾರಿಗೆ ವರ್ಗವಾಯಿತು, ಬಂದವರಿಗೆ ಸಮಾಧಾನವಾಗಲಿಲ್ಲ. ಅರ್ಧ ಹಣ ಇಂದಿಗೂ ಬಂದಿಲ್ಲ. ಅವಳ ತಾಯಿ ಆ ಹಣವನ್ನು ನಂಬಿ ಹೊಲಿಗೆಯಂತ್ರಕ್ಕೆ ಮುಂಗಡ ಕೊಟ್ಟಿದ್ದರು.

ವಕೀಲ ಮಿತ್ರರೂ ನಾನೂ ಕುಳಿತು ಅಂಥ ಕರಾರಿಗೆ ಒಂದು ಕರಡು ಮಾಡಿದೆವು. ಎಷ್ಟು ಮನೆ, ಯಾವ ವಿವರ; ಒಪ್ಪಿಸಿದ ಮೇಲೆ ಯಾವ ಹುದ್ದೆಯ ಅಧಿಕಾರಿ ಎಷ್ಟು ದಿನದೊಳಗೆ ಪರೀಕ್ಷಿಸಿ ತಪ್ಪುಗಳನ್ನು ಲಿಖಿತವಾಗಿ ತಿಳಿಸಬೇಕು; ತಿಳಿಸದಿದ್ದರೆ ಕೆಲಸ ಒಪ್ಪಿತವಾಯಿತೆಂದೇ ಅರ್ಥ; ಹಣ ಯಾವ ದಿನದೊಳಗೆ; ನಡುವೆ ನಿಲ್ಲಿಸಿದರೆ ಆದಷ್ಟಕ್ಕೆ ಲೆಕ್ಕ ಹೇಗೆ. ಹೆಸರು ಹಿಡಿಯದೆ ಹುದ್ದೆಯನ್ನು ಬರೆಯುವುದು ವಕೀಲರ ಸೂಚನೆ. ಜನ ವರ್ಗವಾಗುತ್ತಾರೆ, ಹುದ್ದೆ ಅಲ್ಲಿಯೇ ಇರುತ್ತದೆ. ಎರಡು ಪ್ರತಿ, ಎರಡಕ್ಕೂ ಎರಡೂ ಕಡೆಯ ಸಹಿ. ಮುದ್ರಾಂಕ ಶುಲ್ಕ ಕಟ್ಟಬೇಕಾದ ಪತ್ರಕ್ಕೆ ಕಟ್ಟದಿದ್ದರೆ, ದಂಡ ತೆರುವವರೆಗೆ ಅದು ಸಾಕ್ಷ್ಯವಾಗಿ ನಿಲ್ಲದು. ನನ್ನ ಪಾಲಿನ ತಿದ್ದುಪಡಿ ಒಂದೇ: ಪ್ರತಿಯೊಂದು 'ಲಾಗುವುದು' ಎಂಬುದನ್ನೂ ಹೊಡೆದುಹಾಕಿ, ವಾಕ್ಯದ ಮುಂದೆ ಕರ್ತೃವನ್ನು ತಂದು ಕೂರಿಸಿದೆ.

ಹೇಳಿದಂತೆ ನೀರಿನವರು ಬಂದರು. ಬೇಕಾದ ಮೂರು ತಿದ್ದುಪಡಿಗಳನ್ನು ಬೇರೊಂದು ಹಾಳೆಯಲ್ಲಿ ಬರೆದುಕೊಟ್ಟೆ: ಸೇರಿದ ದಿನಾಂಕ, ಹಣ ಕೊಡುವ ದಿನ, 'ಗೌರವಧನ'ದ ಬದಲು 'ವೇತನ'. ಅದನ್ನು ಕಚೇರಿಗೆ ಒಯ್ಯಲು ಅವರಿಗೆ ಧೈರ್ಯ ಸಾಲದು. "ನಾಳಿಂದ ಬರಬ್ಯಾಡ ಅಂದ್ರ?" ಎಂದರು. ಆ ಪ್ರಶ್ನೆಗೆ ನನ್ನ ಎಂ.ಎ.ಯಲ್ಲಿ ಉತ್ತರವಿರಲಿಲ್ಲ. ವಕೀಲರನ್ನು ಜೊತೆಗೆ ಕಳುಹಿಸಿದೆ.

ವಾರದ ಬಳಿಕ ಪತ್ರ ಹಿಡಿದು ಮರಳಿ ಬಂದರು. ಹಣ ಕೊಡುವ ದಿನವನ್ನು ಸೇರಿಸಿರಲಿಲ್ಲ. ಗೌರವಧನ ಗೌರವಧನವಾಗಿಯೇ ಉಳಿದಿತ್ತು. ಆದರೆ ಮೊದಲನೆಯ ಕಲಮಿನ ಪಕ್ಕದಲ್ಲಿ, ಒಂಬತ್ತು ವರ್ಷ ಹಿಂದಿನ ತಾರೀಖೊಂದು ನೀಲಿ ಮಸಿಯಲ್ಲಿ ಬಂದು ಕುಳಿತಿತ್ತು. ಅದರ ಕೆಳಗೆ ಅಧಿಕಾರಿಯ ಚಿಕ್ಕ ಸಹಿ. ಹಳೆಯ ಹಾಜರಿ ಪುಸ್ತಕವೊಂದು ಕಪಾಟಿನ ಅಡಿಯಲ್ಲಿ ಸಿಕ್ಕಿತಂತೆ.

"ಎರಡು ಝೆರಾಕ್ಸ್ ತಗಸೇನ್ರಿ" ಎಂದು, ಒಂದನ್ನು ನನ್ನಲ್ಲಿಯೇ ಇಟ್ಟುಕೊಳ್ಳಲು ಕೊಟ್ಟರು. ಚಹಾ ಕುಡಿದು ಹೋಗಿರೆಂದರೆ ನಿಲ್ಲಲಿಲ್ಲ. ನಸುಕಿನಲ್ಲಿ ವಾಲ್ವು ತಿರುವಬೇಕಾಗಿತ್ತು.